ವಾಲ್ವ್ ಹಾಕಿಸಿಕೊಂಡ ಮೊದಲ ಮೂರು ದಿನ

ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ಗಾಳಿಚೀಲಗಳ ಗೋಡೆ ಹರಿದುಹೋಗಿ, ಎಳೆದುಕೊಂಡ ಉಸಿರು ಪೂರ್ತಿ ಹೊರಬರುವುದೇ ಇಲ್ಲ. ಹಳೆಯ ಗಾಳಿ ತುಂಬಿಕೊಂಡು ಎದೆ ಉಬ್ಬುತ್ತದೆ, ವಪೆ (ಎದೆಯ ಕೆಳಗಿನ ಉಸಿರಾಟದ ಸ್ನಾಯು) ಚಪ್ಪಟೆಯಾಗುತ್ತದೆ, ಹೊಸ ಉಸಿರಿಗೆ ಜಾಗ ಸಾಲುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ದಮ್ಮು ಕಟ್ಟುವುದು ಅದಕ್ಕೇ. ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಇಳಿಸುವ ಕ್ಯಾಮೆರಾ ಕೊಳವೆ) ಮೂಲಕ ಕೂರಿಸುವ ಪುಟ್ಟ ವಾಲ್ವ್‌ಗಳು ಶ್ವಾಸಕೋಶದ ಹೆಚ್ಚು ಕೆಟ್ಟಿರುವ ಹಾಲೆಯೊಳಗಿನ (ಭಾಗದೊಳಗಿನ) ಗಾಳಿ, ಕಫಗಳನ್ನು ಹೊರಬಿಡುತ್ತವೆ, ಮತ್ತೆ ಒಳಗೆ ಬಿಡುವುದಿಲ್ಲ. ಆ ಹಾಲೆ ಕುಗ್ಗಿದಂತೆ ಪಕ್ಕದ ಹಾಲೆ ಹಿಗ್ಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಗೆ 2018ರಲ್ಲಿ ಒಪ್ಪಿಗೆ ಕೊಟ್ಟಿತು.

ಇದು ಎಲ್ಲ ಸಿಒಪಿಡಿ (ಎಂಫಿಸೀಮಾ ಸೇರಿದಂತೆ ಉಸಿರುದಾರಿ ಕಟ್ಟುವ ದೀರ್ಘಕಾಲದ ಕಾಯಿಲೆ) ರೋಗಿಗಳಿಗೂ ಹೊಂದುವುದಿಲ್ಲ. ಬೀಡಿ, ಸಿಗರೇಟು ಬಿಟ್ಟು ಕನಿಷ್ಠ ನಾಲ್ಕು ತಿಂಗಳಾಗಿರಬೇಕು. ಎರಡು ಹಾಲೆಗಳನ್ನು ಬೇರ್ಪಡಿಸುವ ಗಡಿ, ಅಂದರೆ ಸೀಳು, ಪೂರ್ಣವಾಗಿರಬೇಕು. ಅಲ್ಲಿ ಬಿರುಕಿನಷ್ಟು ದಾರಿ ಇದ್ದರೂ ಪಕ್ಕದ ಹಾಲೆಯಿಂದ ಗಾಳಿ ನುಗ್ಗಿ, ವಾಲ್ವ್ ಹಾಕಿದ ಹಾಲೆ ಕುಗ್ಗುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಸೀಳನ್ನು ಅಳೆದಿದ್ದಾರೆಯೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ವಾಲ್ವ್ ಹಾಕಿದ ಮೇಲೆ ನಾವು ಹೆಚ್ಚು ಹೆದರುವುದು ನ್ಯೂಮೋಥೊರಾಕ್ಸ್‌ಗೆ. ಪಕ್ಕದ ಹಾಲೆ ಬೇಗ ಹಿಗ್ಗುವಾಗ ಅದರ ದುರ್ಬಲ ಮೇಲ್ಪದರ ಹರಿದು, ಗಾಳಿ ಎದೆಗೂಡಿಗೆ ಸೋರುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗಬಹುದು, ಬಹುಪಾಲು ಮೊದಲ ಮೂರು ದಿನದೊಳಗೆ. ಆದ್ದರಿಂದ ಆರಾಮವಾಗಿದ್ದೇನೆ ಅನ್ನಿಸಿದರೂ ಕನಿಷ್ಠ ಮೂರು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಬೇಗ ಡಿಸ್ಚಾರ್ಜ್ ಮಾಡಿ ಎಂದು ಮನೆಯವರು ಒತ್ತಾಯಿಸುವುದು ಬೇಡ, ದಯವಿಟ್ಟು.

ಮನೆಗೆ ಬಂದ ಮೇಲೂ ಒಂದು ಬದಿಯ ಎದೆಯಲ್ಲಿ ಥಟ್ಟನೆ ಚುಚ್ಚಿ, ದಮ್ಮು ಏರಿದರೆ ಪಂಪ್ (ಇನ್ಹೇಲರ್) ಹೊಡೆದುಕೊಂಡು ಕಾಯುತ್ತ ಕೂರಬೇಡಿ. ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಮೊದಲ ಮಾತಾಗಿ ‘ಶ್ವಾಸಕೋಶದಲ್ಲಿ ವಾಲ್ವ್ ಇದೆ’ ಎನ್ನಿ. ವಾಲ್ವ್ ಹಾಕಿದ ವಿವರವಿರುವ ಕಾರ್ಡ್ ಜೇಬಿನಲ್ಲೇ ಇರಲಿ. ಸಿಒಪಿಡಿ ಇರುವವರಿಗೆ ಆಮ್ಲಜನಕ ಕೊಡುವಾಗ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಶೇಕಡಾ 88ರಿಂದ 92ರ ನಡುವೆ ಇದ್ದರೆ ಸಾಕು. ಬೇಕಾಬಿಟ್ಟಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಕಫದಲ್ಲಿ ಎಳೆಯಷ್ಟು ರಕ್ತ ಒಂದೆರಡು ದಿನ ಕಾಣಬಹುದು. ಚಮಚದಷ್ಟು ಬಂದರೆ, ಅಥವಾ ಜ್ವರದೊಂದಿಗೆ ಕಫ ಹಸಿರಾದರೆ ಫೋನ್ ಮಾಡಿ. ಕೆಲವು ದಿನ ಭಾರ ಎತ್ತಬೇಡಿ, ಮಲಬದ್ಧತೆಗೆ ಬಿಡಬೇಡಿ. ತಿಣುಕಿದರೆ ಎದೆಯೊಳಗೆ ಒತ್ತಡ ಏರುತ್ತದೆ. ಗಾಳಿಸೋರಿಕೆ ನಿಲ್ಲದಿದ್ದರೆ ವಾಲ್ವ್ ತೆಗೆಯಲೂಬಹುದು.

ವಾಲ್ವ್ ಬಂತೆಂದು ಪಂಪ್ ಬಿಡುವಂತಿಲ್ಲ. ಅದನ್ನು ತಪ್ಪಾಗಿ ಎಳೆಯುವವರೇ ಬಹಳ. ಒತ್ತುವ ಪಂಪ್‌ಗೆ ಸ್ಪೇಸರ್ (ಔಷಧಿ ತುಂಬಿಕೊಳ್ಳುವ ಕೊಳವೆ) ಹಚ್ಚಿ, ನಿಧಾನವಾಗಿ ನಾಲ್ಕೈದು ಸೆಕೆಂಡು ಎಳೆದು, ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ರೋಟಾಹೇಲರ್‌ಗೆ ಇದೇ ಕ್ರಮ ನಡೆಯದು: ಪುಡಿ ಒಳಗೆ ಇಳಿಯಬೇಕಾದರೆ ಜೋರಾಗಿ, ಆಳವಾಗಿ ಎಳೆಯಬೇಕು. ಸ್ಟೀರಾಯ್ಡ್ ಇರುವ ಔಷಧಿಯಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆಗೆ ಬಿಳಿ ಪೊರೆ ಬರುತ್ತದೆ.

ಹಿಗ್ಗಿದ ಹಾಲೆಯಿಂದ ಕೆಲಸ ತೆಗೆಯುವುದು ಕಾಲಿನ ಸ್ನಾಯು. ವೈದ್ಯರು ಒಪ್ಪಿದ ಮೇಲೆ ಆರರಿಂದ ಎಂಟು ವಾರ ಪುನಶ್ಚೇತನ ವ್ಯಾಯಾಮ ಮಾಡಿ. ನಡೆಯುವಾಗ ಮೂಗಿನಲ್ಲಿ ಎಳೆದು, ದೀಪ ಅಲುಗುವಷ್ಟು ಮೆತ್ತಗೆ, ತುಟಿ ಕೂಡಿಸಿ ಬಿಡಿ. ಬಿಡುವ ಹೊತ್ತು ಎಳೆಯುವುದರ ಎರಡರಷ್ಟಿರಲಿ.