ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಜೀಪು ಯಾಕೆ ಎಡಕ್ಕೆ ಎಳೆಯುತ್ತದೆ?

ಗೋಣಿಕೊಪ್ಪದ ಓದುಗರ ಪ್ರಶ್ನೆ: "ನಮ್ಮದು ಹಳೇ ಫೋರ್ ವೀಲ್ ಡ್ರೈವ್ ಜೀಪು. ತೋಟಕ್ಕೂ ಅದೇ, ಪೇಟೆಗೂ ಅದೇ. ಈ ವರ್ಷ ಎರಡು ಸಲ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ. ಆದರೂ ಎಡಕ್ಕೆ ಎಳೆಯುತ್ತದೆ, 60 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಮುಂದಿನ ಟೈರುಗಳ ಹೊರ ಅಂಚು ಬೇಗ ಸವೆಯುತ್ತಿದೆ. ಕ್ಯಾಂಬರ್ ಸರಿ ಮಾಡಿ ಅಂದರೆ ಈ ಗಾಡಿಯಲ್ಲಿ ಆಗಲ್ಲ ಅನ್ನುತ್ತಾರೆ. ಏನು ಮಾಡಲಿ?"

ಮೊದಲು ಕೊನೆಯ ಮಾತು ತೆಗೆದುಕೊಳ್ಳೋಣ. ಆಗಲ್ಲ ಅಂದವರು ನಿಮಗೆ ಸುಳ್ಳು ಹೇಳಿಲ್ಲ. ನಿಮ್ಮ ಜೀಪಿನ ಮುಂದಿನ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇದೆ. ಮಹೀಂದ್ರ ಎಂಎಂ 540, ಎಂಎಂ 550, ಮಾರುತಿ ಜಿಪ್ಸಿ, ಈಗಿನ ಜಿಮ್ನಿ ಎಲ್ಲವೂ ಇದೇ ಜಾತಿ. ಎದುರಿಗೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನುವುದು ಕ್ಯಾಂಬರ್. ಗಟ್ಟಿ ಆಕ್ಸಲ್ಲಿನಲ್ಲಿ ಅದು ಫ್ಯಾಕ್ಟರಿಯಲ್ಲೇ ಕೂತುಬಿಟ್ಟಿರುತ್ತದೆ, ತಿರುಗಿಸಲು ಬೋಲ್ಟೇ ಇರುವುದಿಲ್ಲ. ಕ್ಯಾಂಬರ್ ತಪ್ಪಿದೆ ಅಂದರೆ ಆಕ್ಸಲ್ ಬಗ್ಗಿದೆ, ಇಲ್ಲವೇ ಬೇರಿಂಗ್, ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಸವೆದಿದೆ ಅಂತ ಅರ್ಥ. ಫಾರ್ಚೂನರ್, 2020ರ ನಂತರದ ಥಾರ್ ಇಂಥವುಗಳಲ್ಲಿ ಮುಂದಿನ ಚಕ್ರ ಒಂದೊಂದೂ ಬೇರೆ ಬೇರೆಯಾಗಿ ಏಳುತ್ತದೆ, ಇಳಿಯುತ್ತದೆ. ಅವುಗಳ ಹೊಂದಾಣಿಕೆಯ ಲೆಕ್ಕವೇ ಬೇರೆ, ಇಲ್ಲಿ ಅದು ಬೇಡ.

ನಿಮ್ಮ ಗಾಡಿಯಲ್ಲಿ ಸ್ಪ್ಯಾನರ್ ಹಿಡಿದು ಸರಿ ಮಾಡಬಹುದಾದದ್ದು ಒಂದೇ, ಟೋ. ಎರಡು ಟೈರುಗಳ ಮುಂಭಾಗದ ಅಂತರ ಹಿಂಭಾಗದ ಅಂತರಕ್ಕಿಂತ ಕಡಿಮೆ ಇದ್ದರೆ ಟೋ ಇನ್, ಜಾಸ್ತಿ ಇದ್ದರೆ ಟೋ ಔಟ್. ಕೇಳೋಕೆ ಸಣ್ಣ ವಿಷಯ. ಆದರೆ ಲೆಕ್ಕ ಹಾಕಿ ನೋಡಿ. 30 ಇಂಚಿನ ಟೈರು, ಟೋ ಬರೀ 3 ಮಿಲಿಮೀಟರ್ ತಪ್ಪಿದೆ ಅಂದುಕೊಳ್ಳಿ. ಆಗ ಒಂದೊಂದು ಮುಂದಿನ ಟೈರೂ ಕಿಲೋಮೀಟರಿಗೆ ಹೆಚ್ಚುಕಮ್ಮಿ 2 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಲ್ಲಿ ಮುಟ್ಟುವ ಹೊತ್ತಿಗೆ 240 ಮೀಟರ್ ಉಜ್ಜಿರುತ್ತದೆ. ಭಾರದ ಗಾಡಿಯಲ್ಲಿ ರಬ್ಬರ್ ಎಷ್ಟು ದಿನ ತಡೆದೀತು?

ಹಾಗಾದರೆ ಎರಡು ಸಲ ಟೋ ಸರಿ ಮಾಡಿಸಿದರೂ ಯಾಕೆ ನಿಲ್ಲಲಿಲ್ಲ? ಕೀಲುಗಳಲ್ಲಿ ಆಟ, ಅಂದರೆ ಸಡಿಲು, ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿದರೆ ಅದು ಮೆಷಿನ್ ಮೇಲೆ ನಿಂತಿರುವಷ್ಟು ಹೊತ್ತು ಮಾತ್ರ ಸರಿ ಇರುತ್ತದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಜೀಪಿಗೂ ಇದೇ ಕಾಯಿಲೆ ಇತ್ತು. ಒಂದು ಕಡೆ ಅಲೈನ್‌ಮೆಂಟ್ ಮಾಡಿಸಿ, ಕಾಗದದ ಮೇಲೆ ಎಲ್ಲ ಹಸಿರು ಬಣ್ಣದಲ್ಲಿ ಬಂದಿದ್ದು ನೋಡಿ ಖುಷಿಯಾಗಿ ಹೊರಟೆ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಅದೇ ನಡುಕ. ಆಮೇಲೆ ಊರಿನ ಹಳೇ ಮೆಕ್ಯಾನಿಕ್ ಒಬ್ಬರು ಗಾಡಿ ಕೆಳಗೆ ಮಲಗಿ, "ಅಣ್ಣಾ, ಸ್ಟೇರಿಂಗ್ ಸ್ವಲ್ಪ ಅಲ್ಲಾಡಿಸಿ" ಅಂದರು. ಅಲ್ಲಾಡಿಸಿದೆ. "ಈಗ ನೀವು ಬನ್ನಿ, ಇಲ್ಲಿ ಕೈ ಇಡಿ" ಅಂತ ನನ್ನ ಬೆರಳನ್ನು ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡಿನ ತುದಿಯ ಕೀಲು) ಮೇಲೆ ಇಡಿಸಿ, ತಮ್ಮ ಹುಡುಗನಿಗೆ ಸ್ಟೇರಿಂಗ್ ಅಲ್ಲಾಡಿಸಲು ಹೇಳಿದರು. ಕಟ್, ಕಟ್. ರಾಡ್ ಓಡಾಡುತ್ತಿತ್ತು, ಚಕ್ರ ಅಲ್ಲೇ ನಿಂತಿತ್ತು. ರಬ್ಬರ್ ಬೂಟು ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣು ತುಂಬಿತ್ತು. ನಮ್ಮ ಮಳೆಗೆ, ನಮ್ಮ ತೋಟದ ದಾರಿಗೆ ಇದು ತೀರ ಸಾಮಾನ್ಯ.

ಆದ್ದರಿಂದ ಮೂರನೇ ಸಲ ಮೆಷಿನ್ ಹತ್ತಿಸುವ ಮೊದಲು ಮನೆಯಲ್ಲೇ ಒಂದು ಗಂಟೆ ಕೊಡಿ.

ಮೊದಲು ಚಕ್ರಗಳ ಒಳಬದಿ ತೊಳೆಯಿರಿ, ಹೊರಗೆ ಮಾತ್ರ ಅಲ್ಲ. ರಿಮ್ಮಿನ ಒಳಗೆ ಕೈ ಹಾಕಿದರೆ ಒಣಗಿದ ಕೆಸರು ಹೆಂಚಿನ ಚೂರಿನ ಹಾಗೆ ಅಂಟಿರುತ್ತದೆ. ಅದೂ ಒಂದೇ ಕಡೆ, ಯಾಕೆಂದರೆ ಗಾಡಿ ನಿಂತಾಗ ಹಸಿ ಕೆಸರು ಕೆಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಅಷ್ಟೇ ಸಾಕು, ಚಕ್ರದ ಬ್ಯಾಲೆನ್ಸ್ ಕೆಟ್ಟು ಒಂದು ವೇಗ ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ. ನಿಮ್ಮ 60ರ ನಡುಕಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ. ಆಮೇಲೆ ಗಾಳಿ ನೋಡಿ. ಕೆಸರಿನಲ್ಲಿ ಹತ್ತಿಸಲು ಗಾಳಿ ಇಳಿಸಿ, ವಾಪಸ್ ತುಂಬಿಸುವಾಗ ಎಡಕ್ಕೂ ಬಲಕ್ಕೂ ನಾಲ್ಕೈದು ಪೌಂಡ್ ವ್ಯತ್ಯಾಸ ಬಿಟ್ಟಿದ್ದರೆ ಗಾಡಿ ಕಮ್ಮಿ ಗಾಳಿ ಇರುವ ಕಡೆಗೇ ಎಳೆಯುತ್ತದೆ.

ಇನ್ನು ಆಟ ಹುಡುಕುವುದು. ಮುಂದಿನ ಒಂದು ಚಕ್ರವನ್ನು ಜ್ಯಾಕ್ ಕೊಟ್ಟು ಎತ್ತಿ. ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ, ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಕಂಡರೆ ಮನೆಯವರಿಗೆ ಬ್ರೇಕ್ ತುಳಿಯಲು ಹೇಳಿ. ತುಳಿದಾಗ ಆಟ ಹೋದರೆ ವೀಲ್ ಬೇರಿಂಗ್ ಸಡಿಲ. ತುಳಿದರೂ ಹಾಗೇ ಇದ್ದರೆ ಕಿಂಗ್ ಪಿನ್. ಒಂದು ಗುಂಡಿ ಹಾರಿದ ಕೂಡಲೇ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಬಡಿದಾಡಿ, ಗಾಡಿ ನಿಲ್ಲಿಸಿದರೆ ಮಾತ್ರ ಸುಮ್ಮನಾಗುತ್ತದಲ್ಲ, ಆ ಭಯಂಕರ ನಡುಕಕ್ಕೆ ಬಹಳ ಸಲ ಸಡಿಲ ಕಿಂಗ್ ಪಿನ್ನೇ ಕಾರಣ. ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ನಡುಕ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿದರೆ ನಿಂತಂತೆ ಕಾಣುತ್ತದೆ, ನಿಜ. ಆದರೆ ಒಳಗಿನ ಸವೆತ ಮುಂದುವರಿಯುತ್ತಲೇ ಇರುತ್ತದೆ. ದಯವಿಟ್ಟು ಡ್ಯಾಂಪರನ್ನೇ ಔಷಧಿ ಅಂದುಕೊಳ್ಳಬೇಡಿ. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿಸುವುದೂ ಅಷ್ಟೇ. ಜಾಸ್ತಿ ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ಅದು ಎಷ್ಟು ಅಪಾಯ ಅನ್ನುವುದು ನಿಮಗೆ ಗೊತ್ತಿದೆ.

ಎಡಕ್ಕೆ ಎಳೆಯುವುದಕ್ಕೆ ಬರೋಣ. ನಮ್ಮ ರಸ್ತೆಗಳು ನೀರು ಹರಿದುಹೋಗಲೆಂದು ಎಡ ಅಂಚಿಗೆ ವಾಲಿರುತ್ತವೆ. ಹಾಗಾಗಿ ಸ್ವಲ್ಪ ಎಡಕ್ಕೆ ಸರಿಯುವುದು ರೋಗ ಅಲ್ಲ. ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ಸಮತಟ್ಟಾದ ನೇರ ರಸ್ತೆ ಸಿಕ್ಕಿದಾಗಲೂ ಎಳೆಯುತ್ತದಾ ನೋಡಿ. ಎಳೆದರೆ, ಬ್ರೇಕ್ ಜಾಸ್ತಿ ಹಾಕದೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ನಡುಭಾಗದ ಹತ್ತಿರ ಕೈ ತನ್ನಿ. ಎಡಗಡೆ ಮಾತ್ರ ಬಿಸಿ ಹೊಡೆಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಅದೂ ಅಲ್ಲ ಅಂದರೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ಕೊನೆಗೆ ಟೇಪ್ ಹಿಡಿದು ಮುಂದಿನ ಚಕ್ರದ ಹಬ್ (ಚಕ್ರದ ನಡುಭಾಗ) ನಡುವಿನಿಂದ ಹಿಂದಿನ ಚಕ್ರದ ಹಬ್ ನಡುವಿಗೆ ಎರಡೂ ಕಡೆ ಅಳೆಯಿರಿ. 10 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಲೀಫ್ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯೂ ಬೋಲ್ಟ್ ಸಡಿಲಾದ ಗಾಡಿಗಳಲ್ಲಿ ಇದು ಆಗುತ್ತದೆ. ಇದನ್ನು ಯಾವ ಟೋ ಹೊಂದಾಣಿಕೆಯೂ ಸರಿ ಮಾಡಲಾರದು.

ಟೈರಿನ ಹೊರ ಅಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ದಿನಾ ಘಾಟಿಯ ತಿರುವುಗಳಲ್ಲೇ ಓಡುವ ಗಾಡಿಗೆ ಮುಂದಿನ ಟೈರಿನ ಭುಜ ಸವೆಯುವುದು ಸಹಜ. ಅದನ್ನೂ ಟೋ ತಪ್ಪಿನ ಸವೆತವನ್ನೂ ಬೇರೆ ಮಾಡಿ ನೋಡಲು ಅಂಗೈ ಸಾಕು. ಟೈರಿನ ಮೇಲೆ ಹೊರ ಅಂಚಿನಿಂದ ಒಳಕ್ಕೆ ಅಂಗೈ ಸವರಿ, ಮತ್ತೆ ಒಳಗಿನಿಂದ ಹೊರಕ್ಕೆ ಸವರಿ. ಒಳಕ್ಕೆ ಹೋಗುವಾಗ ನುಣುಪು, ಹೊರಕ್ಕೆ ಬರುವಾಗ ಗರಗಸದ ಹಲ್ಲಿನ ಹಾಗೆ ತಡೆದರೆ ಟೋ ಇನ್ ಜಾಸ್ತಿ. ಉಲ್ಟಾ ಆದರೆ ಟೋ ಔಟ್. ಎರಡೂ ದಿಕ್ಕಿಗೆ ಸವರಿದಾಗ ಒಂದೇ ಥರ ಇದ್ದು ಭುಜ ಮಾತ್ರ ಗುಂಡಗಾಗಿದ್ದರೆ ಅದು ತಿರುವುಗಳ ಸವೆತ, ಇಲ್ಲವೇ ಗಾಳಿ ಕಮ್ಮಿ. ಇನ್ನೊಂದು, ಕೆಸರು ದಾಟಿದ ಮೇಲೂ ಫೋರ್ ವೀಲ್ ತೆಗೆಯದೆ ಟಾರ್ ರಸ್ತೆಯಲ್ಲಿ ಓಡಿಸಿದರೆ ತಿರುವುಗಳಲ್ಲಿ ಮುಂದಿನ ಟೈರು ಉಜ್ಜುತ್ತದೆ, ಸ್ಟೇರಿಂಗ್ ಭಾರ ಆಗುತ್ತದೆ. ಅಲೈನ್‌ಮೆಂಟ್ ಕೆಟ್ಟಿದೆ ಅಂತ ಬಂದ ಒಬ್ಬರ ಗಾಡಿಯಲ್ಲಿ ಲಿವರ್ ಫೋರ್ ವೀಲ್‌ನಲ್ಲೇ ಇದ್ದದ್ದನ್ನು ನಾನೇ ನೋಡಿದ್ದೇನೆ.

ಆಟ ಎಲ್ಲ ತೆಗೆದ ಮೇಲೆ ಟೋ ನೀವೇ ಅಳೆಯಬಹುದು. ಅದಕ್ಕೆ ನಮ್ಮಲ್ಲಿ ಒಳ್ಳೆಯ ಜಾಗವೂ ಇದೆ, ಕಾಫಿ ಕಣ. ನೀರು ಹೋಗಲು ಇಟ್ಟ ಸಣ್ಣ ಇಳಿಜಾರು ಟೋ ಅಳತೆಗೆ ತೊಂದರೆ ಕೊಡುವುದಿಲ್ಲ, ಗುಂಡಿ ಮಾತ್ರ ಇರಬಾರದು. ಮುಂದಿನ ಚಕ್ರ ಎತ್ತಿ, ತಿರುಗಿಸುತ್ತಾ ಟೈರಿನ ನಡುವೆ ಚೂಪು ಮೊಳೆ ಹಿಡಿದು ಸುತ್ತಲೂ ಒಂದು ಗೆರೆ ಎಳೆಯಿರಿ. ಎರಡೂ ಟೈರಿಗೆ ಎಳೆದ ಮೇಲೆ ಗಾಡಿ ಇಳಿಸಿ, ಸ್ಟೇರಿಂಗ್ ನೇರ ಇಟ್ಟು ನಾಲ್ಕಾರು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಿಂದಕ್ಕೆ ತಳ್ಳಿ ಅಳೆದರೆ ಲೆಕ್ಕ ತಪ್ಪುತ್ತದೆ. ಈಗ ಗೆರೆಯಿಂದ ಗೆರೆಗೆ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ, ಹಬ್ಬಿನ ಎತ್ತರದಲ್ಲಿ. ಇಂಜಿನ್ ಅಡ್ಡ ಬಂದರೆ ಸ್ವಲ್ಪ ಕೆಳಗೆ ಅಳೆಯಿರಿ, ಆದರೆ ಎರಡೂ ಕಡೆ ಒಂದೇ ಎತ್ತರ ಇರಲಿ.

ಎಷ್ಟು ಇರಬೇಕು? ಹಳೇ ವಿಲ್ಲೀಸ್ ಕುಲದ ಜೀಪುಗಳ ಪುಸ್ತಕದಲ್ಲಿ ಟೋ ಇನ್ 3/64ರಿಂದ 3/32 ಇಂಚು ಅಂತಿದೆ, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್. ಅದು ನೈಲಾನ್ ಟೈರಿನ ಕಾಲದ ಲೆಕ್ಕ. ರೇಡಿಯಲ್ ಹಾಕಿದ್ದರೆ ಕಮ್ಮಿ ಕಡೆಗೇ ಇಡಿ. ಪಕ್ಕದ ಮನೆಯ ಗಾಡಿಯ ನಂಬರ್ ನಿಮ್ಮದಕ್ಕೆ ಹಾಕಬೇಡಿ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಹಳೇ ಲ್ಯಾಂಡ್ ರೋವರ್ ಡಿಫೆಂಡರ್‌ಗೆ ಸ್ವಲ್ಪ ಟೋ ಔಟ್ ಹೇಳಿದ್ದಾರೆ, ಯಾಕೆಂದರೆ ಅದರ ಮುಂದಿನ ಚಕ್ರಗಳು ಎಳೆಯುವಾಗ ತಾವಾಗಿ ಒಳಕ್ಕೆ ತಿರುಗಲು ನೋಡುತ್ತವೆ. ಕಂಪ್ಯೂಟರ್ ಡಿಗ್ರಿಯಲ್ಲಿ ತೋರಿಸಿದರೆ ಗಾಬರಿ ಬೇಡ. 30 ಇಂಚಿನ ಟೈರಿಗೆ ಎರಡೂ ಚಕ್ರ ಸೇರಿ 0.2 ಡಿಗ್ರಿ ಅಂದರೆ ಹತ್ತಿರ ಹತ್ತಿರ 2.7 ಮಿಲಿಮೀಟರ್.

ಸರಿ ಮಾಡಲು ಟೈ ರಾಡಿನ ಎರಡೂ ತುದಿಯ ಕ್ಲಾಂಪ್ ಸಡಿಲಿಸಿ ಪೈಪ್ ತಿರುಗಿಸಬೇಕು. ಒಂದು ತುದಿಯ ಮರೆ (ಥ್ರೆಡ್) ಉಲ್ಟಾ ಇರುವುದರಿಂದ ಪೈಪ್ ತಿರುಗಿಸಿದರೆ ರಾಡ್ ಉದ್ದವಾಗುತ್ತದೆ, ಇಲ್ಲವೇ ಗಿಡ್ಡವಾಗುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಾಡಿ ಮುಂದಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಮುಗಿದ ಮೇಲೆ ಕ್ಲಾಂಪ್ ಬಿಗಿ ಮಾಡಿದ್ದೀರಾ ಅಂತ ಎರಡು ಸಲ ನೋಡಿ. ಕಲ್ಲಿಗೆ ತಾಗಿ ರಾಡ್ ಬಗ್ಗಿದ್ದರೆ ಬಡಿದು ನೇರ ಮಾಡಿಸಬೇಡಿ, ಹೊಸದು ಹಾಕಿಸಿ. ಮಾಂದಲಪಟ್ಟಿಯಂಥ ಕಲ್ಲು ದಾರಿಗೆ ಹೋಗುವ ಜೀಪುಗಳವರು ಇದನ್ನು ಆಗಾಗ ಬಗ್ಗಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿದ್ದೂ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆದಾಡಿದರೆ ಆಗ ಕ್ಯಾಸ್ಟರ್ ಕಡೆ ನೋಡಬೇಕು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದರಿಂದಲೇ ಕೈ ಬಿಟ್ಟರೂ ನೇರ ಹೋಗಲು ಅದಕ್ಕೆ ಸಹಾಯ. ಜೀಪಿಗೂ ಆ ವಾಲು ಬೇಕು. 50 ಕಿಲೋದ ಕಾಫಿ ಮೂಟೆಗಳನ್ನು ಹೇರಲು ನಾವು ಹಿಂದೆ ಒಂದೆರಡು ಸ್ಪ್ರಿಂಗ್ ಪಟ್ಟಿ ಜಾಸ್ತಿ ಹಾಕಿಸುತ್ತೇವೆ. ಖಾಲಿ ಇದ್ದಾಗ ಹಿಂಭಾಗ ಮೇಲೆ ನಿಲ್ಲುತ್ತದೆ, ಇಡೀ ಗಾಡಿ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕಮ್ಮಿಯಾಗುತ್ತದೆ. ಮೂಟೆ ಹೇರಿದಾಗ ಚೆನ್ನಾಗಿ ಓಡುತ್ತದೆ, ಖಾಲಿ ಇದ್ದಾಗ ಅಲೆಯುತ್ತದೆ ಅನ್ನುವ ಗಾಡಿಗಳ ಗುಟ್ಟು ಇದೇ. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಉಕ್ಕಿನ ಓರೆ ಶಿಮ್ (ತೆಳು ತುಂಡು) ಕೊಟ್ಟು ಒಂದೆರಡು ಡಿಗ್ರಿ ಸರಿ ಮಾಡಬಹುದು. ಆದರೆ ಹಾಗೆ ಮಾಡಿದಾಗ ಮುಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ. ಇದು ಅನುಭವ ಇರುವವರ ಕೈಯಲ್ಲೇ ಆಗಲಿ.

ಮೆಷಿನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಿಂದಿನ ಆಕ್ಸಲ್ ಓರೆಯಾಗಿದೆಯಾ, ಕ್ಯಾಂಬರ್ ಎಷ್ಟಿದೆ ಅಂತ ತಿಳಿಯಲು ಅದು ಒಳ್ಳೆಯದೇ. ಹೋಗುವಾಗ ಗಾಡಿಯಲ್ಲಿ ದಿನಾ ಇರುವಷ್ಟು ಭಾರ ಇರಲಿ. ಮಾಡುವ ಮೊದಲಿನ ಕಾಗದ, ಆದ ಮೇಲಿನ ಕಾಗದ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಮಳೆ ಮುಗಿದು, ಹುತ್ತರಿಗೆ ಮೊದಲು, ಹಣ್ಣು ಕುಯ್ಲು ಶುರುವಾಗುವ ಮುಂಚೆ ವರ್ಷಕ್ಕೊಮ್ಮೆ ಈ ಕೆಲಸ ಇಟ್ಟುಕೊಂಡರೆ ಅನುಕೂಲ.

ನೀವು ಈ ವಾರ ರಿಮ್ ತೊಳೆದು, ಗಾಳಿ ಸರಿ ಮಾಡಿ, ಟೈ ರಾಡ್ ಎಂಡ್ ಮತ್ತು ಕಿಂಗ್ ಪಿನ್ ನೋಡಿ. ಆಮೇಲೂ ನಡುಕ ಹೋಗದಿದ್ದರೆ ಟೈರಿನ ಸೈಜು, ಹಿಂದೆ ಎಷ್ಟು ಪಟ್ಟಿ ಇದೆ, ಬ್ರೇಕ್ ತುಳಿದಾಗ ಚಕ್ರದ ಆಟ ಹೋಯಿತಾ ಇಲ್ಲವಾ ಅಂತ ಬರೆದು ಕಳಿಸಿ. ಕಿಂಗ್ ಪಿನ್ ಶಿಮ್ ತೆಗೆದು ಬಿಗಿ ಮಾಡುವ ಬಗೆಯನ್ನು ಬಿಡಿಸಿ ಬರೆಯುತ್ತೇನೆ.