ಓದುಗರ ಪ್ರಶ್ನೆ: ಮೈನಸ್ 30ರ ಊರಲ್ಲಿ ನಮ್ಮ ಮಲ್ನಾಡ್ ಹುಡುಗಿ ಹೆಂಗಿರ್ತಾಳೆ?

ಪ್ರಶ್ನೆ: ಮಗಳು ಜನವರಿಗೆ ಕೆನಡಾದ ವಿನಿಪೆಗ್‌ಗೆ ಓದೋಕೆ ಹೋಗ್ತಾ ಇದಾಳೆ. ಅಲ್ಲಿ ಮೈನಸ್ 30 ಡಿಗ್ರಿ ಇರುತ್ತಂತೆ. ಇವ್ಳು ನಮ್ಮೂರ ಡಿಸೆಂಬರ್ ಚಳಿಗೇ ಬಚ್ಚಲ ಒಲೆ ಮುಂದಿಂದ ಏಳಲ್ಲ. ಅಷ್ಟು ಚಳೀಲಿ ದಿನಾ ಕಾಲೇಜಿಗೆ ಹೋಗಿ ಬಂದ್ಕಂಡು ಹೆಂಗಿರ್ತಾಳೆ? ಇಲ್ಲಿಂದ ಎಂತೆಂತ ಕಟ್ಟಿ ಕಳಿಸ್ಬೇಕು? (ಹೊಸನಗರದ ಕಡೆಯ ಒಬ್ರು ಅಮ್ಮ)

ಅಕ್ಕಾ, ಈ ಪ್ರಶ್ನೆ ನಂಗೆ ಪ್ರತಿ ವರ್ಷ ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ಬಂದೇ ಬರುತ್ತೆ, ಯಾಕಂದ್ರೆ ಜನವರಿ ಕ್ಲಾಸಿಗೆ ಹೊರಡೋ ಮಕ್ಕಳ ಮನೇಲಿ ಪೆಟ್ಟಿಗೆ ಕಟ್ಟೋ ಗಡಿಬಿಡಿ ಆಗ್ಲೇ. ನಾನು ವಿನಿಪೆಗ್‌ನಲ್ಲಿ ನಾಲ್ಕು ಚಳಿಗಾಲ ಕಳೆದು ಈಗ ತೀರ್ಥಹಳ್ಳಿಗೆ ವಾಪಸ್ ಬಂದಿದೀನಿ, ಹಂಗಾಗಿ ಕಂಡಿದ್ದನ್ನೇ ಹೇಳ್ತೀನಿ. ನಿಮ್ಮ ಮಗಳು ಚೆನ್ನಾಗೇ ಇರ್ತಾಳೆ. ಮಳೆಗಾಲ ಕಂಡ ಮನೆಯ ಹುಡುಗಿ ಅವ್ಳು, ಜೂನ್ ಬರೋದ್ರೊಳಗೆ ಕಟ್ಟಿಗೆ ಒಳಗೆ ಹಾಕಿ, ಹಪ್ಪಳ ಸಂಡಿಗೆ ಒಣಗ್ಸಿ ಡಬ್ಬಿ ತುಂಬಿ, ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ಕೂರೋದನ್ನ ನೋಡ್ಕಂಡೇ ಬೆಳೆದಿರ್ತಾಳೆ. ನಾವು ಮಳೆನ ತಡ್ಕಳ್ಳಲ್ಲ, ಮಳೆಗೆ ತಕ್ಕಂಗೆ ಮನೆ-ದಿನ ಎರಡನ್ನೂ ಜೋಡಿಸ್ಕೊಳ್ತೀವಿ. ಅಲ್ಲಿಯ ಚಳಿಗೂ ಬೇಕಾಗಿರೋದು ಇಷ್ಟೇ.

ಮೊದ್ಲು ಒಂದು ಸಮಾಧಾನದ ವಿಷ್ಯ ಹೇಳಿಬಿಡ್ತೀನಿ. ನಮ್ಮ ಹೆಂಚಿನ ಮನೇಲಿ ಹೊರಗೆಷ್ಟು ಚಳಿನೋ ಒಳಗೂ ಅಷ್ಟೇ ಚಳಿ, ಬೆಳಗ್ಗೆ 13-14 ಡಿಗ್ರಿಗೆ ಇಳಿದ್ರೆ ರೆಡ್ ಆಕ್ಸೈಡ್ ನೆಲಕ್ಕೆ ಕಾಲಿಡೋಕಾಗಲ್ಲ. ಅಲ್ಲಿ ಹಂಗಲ್ಲ, ಮನೆ, ಕಾಲೇಜು, ಅಂಗಡಿ ಎಲ್ಲಾ ಕಡೆ ಹೀಟಿಂಗ್ ಓಡ್ತಾ ಇರುತ್ತೆ, ಒಳಗೆ 20-21 ಡಿಗ್ರಿ, ಒಂದು ಅಂಗಿ ಹಾಕ್ಕಂಡು ಆರಾಮಾಗಿ ಕೂರ್ಬಹುದು. ಅಂದ್ರೆ ಚಳಿ ದಿನಪೂರ್ತಿ ಅಲ್ಲ, ಮನೆಯಿಂದ ಬಸ್ ಸ್ಟಾಪಿಗೆ ಹತ್ತು ನಿಮಿಷ, ಬಸ್ ಇಳಿದು ಕ್ಲಾಸಿಗೆ ಐದು ನಿಮಿಷ, ವಾಪಸ್ ಬರುವಾಗ ಮತ್ತೆ ಅಷ್ಟು. ಊರಿನ ಪೇಟೆ ಭಾಗದಲ್ಲಂತೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗಾಜಿನ ಮೇಲ್ದಾರಿಗಳಿವೆ, ಸುಮಾರು ದೂರ ಹೊರಗೆ ಕಾಲಿಡದೇ ಓಡಾಡ್ಬಹುದು. ನೀವು ಮಾಡೋ ತಯಾರಿ ಎಲ್ಲಾ ಆ ಇಪ್ಪತ್ತು ಮೂವತ್ತು ನಿಮಿಷಕ್ಕೆ. ರೂಮ್ ಹುಡುಕುವಾಗ ಬಾಡಿಗೇಲಿ ಹೀಟಿಂಗ್ ಸೇರಿದ್ಯಾ ಅಂತ ಮರೀದೇ ಕೇಳೋಕೆ ಹೇಳಿ, ಸೇರಿಲ್ಲ ಅಂದ್ರೆ ಚಳಿಗಾಲದ ಬಿಲ್ಲು ಬೇರೆ ಕಟ್ಬೇಕಾಗುತ್ತೆ.

ಆದ್ರೆ ಆ ಕೆಲವು ನಿಮಿಷನ ಹಗುರ ತಗಳಂಗಿಲ್ಲ. ವಿನಿಪೆಗ್ ಬಯಲುಸೀಮೆ ಊರು, ಸುತ್ತ ಗುಡ್ಡ ಇಲ್ಲ, ಕಾಡಿಲ್ಲ, ಗಾಳಿ ತಡೆಯೋಕೆ ಎಂತ ಇಲ್ಲ. ಜನವರಿ ಸರಾಸರಿನೇ ಮೈನಸ್ 16ರ ಆಸುಪಾಸು, ಕೆಲವು ದಿನ ಮೈನಸ್ 30ಕ್ಕೂ ಇಳಿಯುತ್ತೆ, ಅದ್ರ ಮೇಲೆ ಗಾಳಿ. ಅಲ್ಲಿಯವ್ರು ಥರ್ಮಾಮೀಟರ್ ನೋಡಿ ಸುಮ್ನಾಗಲ್ಲ, ವಿಂಡ್ ಚಿಲ್ ಎಷ್ಟು ಅಂತ ಕೇಳ್ತಾರೆ. ಮೈನಸ್ 25 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದ್ರೆ ಬರೀ ಚರ್ಮಕ್ಕೆ ಅದು ಮೈನಸ್ 39ರ ಚಳಿ. ನಮ್ಮ ಮೈಯಿನ ಶಾಖಕ್ಕೆ ಚರ್ಮದ ಪಕ್ಕದಲ್ಲಿ ಗಾಳಿಯ ಒಂದು ತೆಳು ಪದರ ಬೆಚ್ಚಗಾಗಿ ನಿಂತಿರುತ್ತೆ, ಬೀಸೋ ಗಾಳಿ ಅದನ್ನ ಕಿತ್ಕಂಡು ಹೋಗುತ್ತೆ, ಅಷ್ಟೇ ವಿಷ್ಯ. ವಿಂಡ್ ಚಿಲ್ ಮೈನಸ್ 28 ದಾಟಿದ್ರೆ ಬರೀ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಮರಗಟ್ಟಬಹುದು, ಮೈನಸ್ 40 ದಾಟಿದ್ರೆ ಐದರಿಂದ ಹತ್ತೇ ನಿಮಿಷ ಸಾಕು. ಬೆಳಗ್ಗೆ ಎದ್ದ ಕೂಡ್ಲೇ ಈ ಒಂದು ನಂಬರ್ ನೋಡೋ ಅಭ್ಯಾಸ ಆಗ್ಬೇಕು. ಮತ್ತೆ ನಮ್ಮ ಕಡೆ ಜೋರು ಮಳೆಗೆ ಡಿಸಿ ಸಾಹೇಬ್ರು ರಜೆ ಕೊಟ್ಟಂಗೆ ಅಲ್ಲಿ ಚಳಿ ಅಂತ ರಜೆ ಸಿಗುತ್ತೆ ಅಂದ್ಕಬೇಡಿ, ಊರು ಅದರ ಪಾಡಿಗೆ ಅದು ನಡೀತಾನೇ ಇರುತ್ತೆ.

ಬಟ್ಟೆ ವಿಷ್ಯಕ್ಕೆ ಬರ್ತೀನಿ, ಎಲ್ಲಾ ಅಪ್ಪ-ಅಮ್ಮಂದಿರೂ ದುಡ್ಡು ಕಳ್ಕೊಳ್ಳೋದು ಇಲ್ಲೇ. ಶಿವಮೊಗ್ಗದಲ್ಲಾಗ್ಲಿ ಬೆಂಗ್ಳೂರಲ್ಲಾಗ್ಲಿ ಸಿಗೋ ದಪ್ಪ ಜಾಕೆಟ್ ಹೆಚ್ಚಿನವು ಮನಾಲಿ ಟ್ರಿಪ್ಪಿಗೆ ಸಾಕಾಗೋವಂಥವು, ಹತ್ತು ಸಾವಿರ ಕೊಟ್ಟು ತಗಂಡು ಹೋದ್ರೂ ಅಲ್ಲಿ ಹೋದ ವಾರಕ್ಕೇ ಇನ್ನೊಂದು ತಗಳ್ಳೇಬೇಕು. ಮುಖ್ಯ ಜಾಕೆಟ್ಟು, ಬೂಟು ಎರಡನ್ನೂ ಅಲ್ಲೇ ತಗಳ್ಳಿ, ಸೆಕೆಂಡ್ ಹ್ಯಾಂಡ್ ಅಂಗಡೀಲಿ ಒಳ್ಳೊಳ್ಳೆ ಜಾಕೆಟ್ ಸಿಗ್ತಾವೆ, ನಾಚ್ಕೆ ಪಡೋದೇನಿಲ್ಲ, ಅಲ್ಲಿಯವ್ರೂ ತಗಳ್ತಾರೆ. ಜಾಕೆಟ್ ತೊಡೆ ಮುಚ್ಚೋಷ್ಟು ಉದ್ದ ಇರ್ಬೇಕು, ಟೋಪಿ ಜೊತೆಗೇ ಇರ್ಬೇಕು, ಹೊರಗಿನ ಬಟ್ಟೆ ಗಾಳಿ ಬಿಡಬಾರ್ದು.

ಒಳಗಿನ ಬಟ್ಟೆ ಮಾತ್ರ ಯೋಚ್ನೆ ಮಾಡಿ. ನಮ್ಮಜ್ಜ ಗದ್ದೆ ನೆಟ್ಟಿ ಟೈಮಲ್ಲಿ ಕಂಬಳಿಕೊಪ್ಪೆ ಹಾಕ್ಕಂಡು ಇಡೀ ದಿನ ಮಳೇಲಿರೋರು, ಹತ್ತಿ ಪಂಚೆ ಹೊದ್ಕಂಡು ಹೋಗಿದ್ದು ನಾನು ನೋಡಿಲ್ಲ. ಉಣ್ಣೆ ಒದ್ದೆ ಆದ್ರೂ ಬೆಚ್ಚಗಿಡುತ್ತೆ, ಹತ್ತಿ ಒದ್ದೆ ಆದ್ರೆ ಮೈಗಂಟಿ ಶಾಖ ಎಳ್ಕಂಡುಬಿಡುತ್ತೆ. ಮೈನಸ್ 30ರಲ್ಲಿ ಒದ್ದೆ ಎಲ್ಲಿಂದ ಬರುತ್ತೆ ಅಂತೀರಾ, ಬೆವರಿಂದ ಬರುತ್ತೆ ಅಕ್ಕಾ. ಅಷ್ಟೊಂದು ಬಟ್ಟೆ ಹಾಕ್ಕಂಡು ಬಸ್ ಹಿಡಿಯೋಕೆ ಓಡಿದ್ರೆ ಬೆನ್ನು ಬೆವರುತ್ತೆ, ಆಮೇಲೆ ನಿಂತ ಕೂಡ್ಲೇ ಅದೇ ತಣ್ಣಗಾಗುತ್ತೆ. ಅದಕ್ಕೆ ಮೈಗಂಟೋ ಪದರ ಉಣ್ಣೆದು ಇಲ್ಲಾ ಪಾಲಿಯೆಸ್ಟರ್ ಥರ್ಮಲ್ಲು, ಅದ್ರ ಮೇಲೆ ಸ್ವೆಟರ್ ಇಲ್ಲಾ ಫ್ಲೀಸು, ಎಲ್ಲಕ್ಕಿಂತ ಮೇಲೆ ಜಾಕೆಟ್ಟು. ಒಂದೇ ದಪ್ಪದ್ದಕ್ಕಿಂತ ಮೂರು ತೆಳ್ಳಗಿನವು ವಾಸಿ, ಮಧ್ಯ ನಿಂತ ಗಾಳಿನೇ ಬೆಚ್ಚಗಿಡೋದು, ಮತ್ತೆ ಕ್ಲಾಸಿಗೆ ಹೋದ್ಮೇಲೆ ಒಂದೊಂದೇ ತೆಗೀಬಹುದು. ಕೈಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲಾ ಒಟ್ಟಿಗಿರೋ ಮಿಟನ್ ಬೆಚ್ಚಗೆ. ಕಿವಿ ಪೂರ್ತಿ ಮುಚ್ಚೋ ಟೋಪಿ, ಓಲೆ ಹಾಕೋ ಹುಡುಗಿ ಆದ್ರೆ ಇದು ಇನ್ನೂ ಮುಖ್ಯ, ಲೋಹ ಬೇಗ ತಣ್ಣಗಾಗುತ್ತೆ.

ಬೂಟು ಕಾಲಿಗಿಂತ ಸ್ವಲ್ಪ ದೊಡ್ಡದೇ ಇರ್ಲಿ. ಬಿಗಿ ಆದ್ರೆ ರಕ್ತ ಓಡಲ್ಲ, ಬೆರಳು ತಣ್ಣಗಾಗುತ್ತೆ. ಇದನ್ನ ನಾನು ಅನುಭವಿಸಿ ಹೇಳ್ತಿದೀನಿ. ಮೊದಲ್ನೇ ಜನವರಿ, ಊರಿಂದ ಹಾಕ್ಕಂಡು ಹೋದ ಸ್ಪೋರ್ಟ್ಸ್ ಶೂಸಲ್ಲೇ ಎರಡು ಜೊತೆ ಸಾಕ್ಸ್ ತುರುಕಿ ಹೊರಟೆ, ಮನೆಯಿಂದ ಹೊರಟಿದ್ದು ಲೇಟಾಗಿ ಬಸ್ ತಪ್ತು, ಮುಂದಿನ ಬಸ್ಸಿಗೆ ಅಲ್ಲೇ ನಿಂತೆ. ಮೊದ್ಲು ಬೆರಳು ನೋಯ್ತು, ಆಮೇಲೆ ನೋವು ನಿಂತೋಯ್ತು, ನಾನು ಸರಿ ಆಯ್ತು ಅಂದ್ಕಂಡೆ. ನೋವು ನಿಂತಿದ್ದೇ ಅಪಾಯದ ಗುರುತು ಅಂತ ಯಾರೂ ಹೇಳಿರ್ಲಿಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚಿದ್ರೆ ಎರಡು ಬೆರಳ ತುದಿ ಸುಣ್ಣದಂಗೆ ಬಿಳೀ ಆಗಿತ್ತು. ಜೊತೆಗಿದ್ದ ರೂಮ್‌ಮೇಟ್ ಉಜ್ಜೋಕೆ ಬಿಡ್ಲಿಲ್ಲ, ಹೀಟರ್ ಮುಂದೆ ಹಿಡಿಯೋಕೂ ಬಿಡ್ಲಿಲ್ಲ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಕಾಲಿಡ್ಸಿದ. ವಾಪಸ್ ರಕ್ತ ಬರುವಾಗ ಆದ ಉರಿ ಇವತ್ತಿಗೂ ನೆನಪಿದೆ. ನಿಮ್ಮ ಮಗಳಿಗೆ ಇದಿಷ್ಟನ್ನ ಬಾಯಿಪಾಠ ಮಾಡ್ಸಿ: ಮರಗಟ್ಟಿದ ಜಾಗನ ಉಜ್ಜಬಾರ್ದು, ಹಿಮ ಹಚ್ಚಬಾರ್ದು, ಬೆಂಕಿಗೆ ಹಿಡೀಬಾರ್ದು, ಯಾಕಂದ್ರೆ ಅಲ್ಲಿ ಸ್ಪರ್ಶ ಸತ್ತಿರುತ್ತೆ, ಸುಟ್ರೂ ಗೊತ್ತಾಗಲ್ಲ. ನೀರು 37ರಿಂದ 39 ಡಿಗ್ರಿ ಒಳಗೇ ಇರ್ಲಿ, ಬಿಸಿ ನೋಡೋದು ಮೊಣಕೈಲಿ. ಚರ್ಮ ಗಟ್ಟಿಯಾಗಿ ಬಿಳಿಚಿಕೊಂಡೇ ಇದ್ರೆ, ಗುಳ್ಳೆ ಎದ್ರೆ, ಕಾಯದೇ ಆಸ್ಪತ್ರೆ.

ನಡಿಗೆ ಬಗ್ಗೆ ನಮ್ಮ ಮಕ್ಕಳಿಗೆ ಹೆಚ್ಚು ಹೇಳ್ಬೇಕಾಗಿಲ್ಲ, ಪಾಚಿ ಕಟ್ಟಿದ ಅಂಗಳದಲ್ಲಿ ಹೆಂಗೆ ನಡೀತೀವೋ ಹಂಗೇ, ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ಜೇಬಿಂದ ಕೈ ಹೊರಗೆ. ಹೊಸಾ ಹಿಮ ಜಾರಲ್ಲ, ಕಾಲಡಿ ಕರಕರ ಅನ್ನುತ್ತೆ. ಕರಗಿ ಮತ್ತೆ ಗಟ್ಟಿಯಾದ ತೆಳು ಮಂಜುಗಡ್ಡೆ ಇರುತ್ತಲ್ಲ, ರಸ್ತೆ ಬಣ್ಣದಲ್ಲೇ ಇರುತ್ತೆ, ಕಣ್ಣಿಗೆ ಕಾಣಲ್ಲ, ಬೀಳ್ಸೋದು ಅದು. ಫೋನ್ ಒಳಜೇಬಲ್ಲಿ ಇಟ್ಕಳ್ಳೋಕೆ ಹೇಳಿ, ಆ ಚಳಿಗೆ ಬ್ಯಾಟರಿ 40 ಪರ್ಸೆಂಟ್ ತೋರಿಸ್ತಾ ಇದ್ದಂಗೇ ಆಫ್ ಆಗಿಬಿಡುತ್ತೆ, ಬಸ್ ಟೈಮ್ ನೋಡೋಕೂ ಅದೇ ಬೇಕು, ಯಾರನ್ನಾದ್ರೂ ಕರೆಯೋಕೂ ಅದೇ ಬೇಕು.

ಇನ್ನು ಮಲ್ನಾಡಿನವ್ರಿಗೆ ತೀರಾ ಹೊಸದು ಅಂದ್ರೆ ಒಣಹವೆ. ನಮಗೆ ಗೊತ್ತಿರೋದು ಶೀತ, ಬಟ್ಟೆಗೆ ಬೂಷ್ಟು, ಉಪ್ಪು ನೀರಾಗೋದು. ಅಲ್ಲಿ ಪೂರ್ತಿ ಉಲ್ಟಾ. ಅಷ್ಟು ತಣ್ಣಗಿನ ಗಾಳೀಲಿ ನೀರಿನಂಶನೇ ಇರಲ್ಲ, ಅದನ್ನೇ ಒಳಗೆ ಬಿಸಿ ಮಾಡಿ ಬಿಟ್ರೆ ಮನೆ ಅಡಿಕೆ ಒಣಗ್ಸೋ ಡ್ರೈಯರ್ ಥರ ಆಗುತ್ತೆ. ತುಟಿ ಒಡೆಯುತ್ತೆ, ಮೂಗಲ್ಲಿ ರಕ್ತ ಬರುತ್ತೆ, ಬಾಗಿಲ ಹಿಡಿ ಮುಟ್ಟಿದ್ರೆ ಚಟ್ ಅಂತ ಶಾಕ್ ಹೊಡೆಯುತ್ತೆ. ಮೊದಲ ವಾರ ಹೆದ್ರಿ ಫೋನ್ ಮಾಡ್ತಾಳೆ, ನೀವು ಹೆದ್ರಬೇಡಿ. ಹಂಡೆ ಬಿಸಿನೀರಲ್ಲಿ ಅರ್ಧ ಗಂಟೆ ಮೀಯೋ ನಮ್ಮ ಸುಖನ ಅಲ್ಲಿ ಸ್ವಲ್ಪ ಬಿಡ್ಬೇಕು, ಬಿಸಿನೀರು ಮೈಯ ಎಣ್ಣೆ ತೆಗೆದು ಇನ್ನೂ ಒಣಗಿಸುತ್ತೆ. ಬೇಗ ಮಿಂದು ಮೈ ಪಸೆ ಇರುವಾಗ್ಲೇ ಕ್ರೀಮು ಇಲ್ಲಾ ಎಣ್ಣೆ ಹಚ್ಕಂಡ್ರೆ ಸರಿ. ಕೊಬ್ರಿ ಎಣ್ಣೆ 24 ಡಿಗ್ರಿಗಿಂತ ಕಡಿಮೆ ಇದ್ರೆ ಗಟ್ಟಿ ಅಲ್ವಾ, ಅಗಲ ಬಾಯಿನ ಡಬ್ಬೀಲಿ ಹಾಕಿ ಕಳ್ಸಿ.

ಅಡುಗೆಮನೇಲಿ ದೋಸೆ ಹಿಟ್ಟು ಹುದುಗು ಬರಲ್ಲ, ಮೊಸರು ಹೆಪ್ಪಾಗಲ್ಲ. ನಾವು ಮಳೆಗಾಲದಲ್ಲಿ ಒಲೆ ಕಟ್ಟೆ ಮೇಲೆ ಇಡ್ತೀವಲ್ಲ, ಅಲ್ಲಿ ಓವನ್ ಆನ್ ಮಾಡದೇ ಅದರೊಳಗಿನ ಲೈಟು ಮಾತ್ರ ಹಾಕಿ ಪಾತ್ರೆ ಇಟ್ಟು ಬಾಗಿಲು ಹಾಕಿದ್ರೆ ಬೆಳಗ್ಗೆ ಹಿಟ್ಟು ಉಕ್ಕಿರುತ್ತೆ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸ್ಬೇಕು, ಇಲ್ಲಾಂದ್ರೆ ರೂಮ್‌ಮೇಟ್ ಬಂದು ಓವನ್ ಹಚ್ಚಿಬಿಡ್ತಾರೆ. ಒಣಮೆಣಸಿನ ಒಗ್ಗರಣೆ ಹಾಕುವಾಗ ಮರೀದೇ ಫ್ಯಾನ್ ಹಾಕ್ಬೇಕು, ಹೊಗೆ ಅಲಾರಾಂ ಹೊಡ್ಕಳ್ಳುತ್ತೆ.

ಅಕ್ಕಾ, ನೀವು ಕೇಳದೇ ಇರೋದೊಂದು ವಿಷ್ಯ ನಾನಾಗೇ ಹೇಳ್ತೀನಿ, ನಂಗೆ ಚಳಿಗಿಂತ ಕಷ್ಟ ಆಗಿದ್ದು ಕತ್ತಲೆ. ಡಿಸೆಂಬರ್ ಕೊನೇಲಿ ಅಲ್ಲಿ ಬೆಳಗ್ಗೆ ಎಂಟೂಕಾಲು ದಾಟಿದ್ಮೇಲೆ ಸೂರ್ಯ ಹುಟ್ಟೋದು, ಸಂಜೆ ನಾಲ್ಕೂವರೆಗೆ ಮುಳುಗಾಯ್ತು. ಕ್ಲಾಸಿಂದ ಹೊರಗೆ ಬರೋಷ್ಟ್ರಲ್ಲಿ ರಾತ್ರಿ. ಜನವರಿ ಪೂರ್ತಿ ಹೊಸತನದಲ್ಲಿ ಕಳೆದುಹೋಗುತ್ತೆ, ಫೆಬ್ರವರಿಲಿ ಮಕ್ಕಳು ಮಂಕಾಗ್ತಾರೆ, ರೂಮಿಂದ ಹೊರಗೆ ಬರಲ್ಲ, ನಿದ್ದೆ ಜಾಸ್ತಿ, ಫೋನಲ್ಲಿ ಮಾತು ಕಡಿಮೆ. ಅದು ಸೋಮಾರಿತನ ಅಂತ ಬೈಬೇಡಿ ದಯವಿಟ್ಟು. ಬೆಳಕು ಕಡಿಮೆ ಆದ್ರೆ ಮನಸ್ಸಿಗೂ ಹಂಗಾಗುತ್ತೆ, ವಾರಗಟ್ಲೆ ಹಂಗೇ ಇದ್ರೆ ಕಾಲೇಜಿನ ಕೌನ್ಸೆಲರ್ ಹತ್ರ ಹೋಗೋಕೆ ನೀವೇ ಧೈರ್ಯ ಹೇಳಿ. ದಿನಾ ಮಧ್ಯಾಹ್ನ ಊಟ ಆದ್ಮೇಲೆ ಕಾಲು ಗಂಟೆ ಹೊರಗೆ ನಡೀಬೇಕು, ಮುಖ ಮುಚ್ಕಂಡಾದ್ರೂ ಸರಿ. ವಿನಿಪೆಗ್‌ನ ಪುಣ್ಯ ಅಂದ್ರೆ ಚಳಿಗಾಲದಲ್ಲೂ ಆಕಾಶ ತಿಳಿಯಾಗಿರುತ್ತೆ, ಬಿಸಿಲು ಕಣ್ಣು ಕೋರೈಸುತ್ತೆ. ವಿಟಮಿನ್ ಡಿ ಬಗ್ಗೆ ಹೊರಡೋ ಮುಂಚೆನೇ ಡಾಕ್ಟರ್ ಕೇಳ್ಕಳ್ಳಿ, ನಮ್ಮ ಕಪ್ಪು ಚರ್ಮಕ್ಕೆ ಅಷ್ಟು ಬಿಸಿಲು ಸಾಕಾಗಲ್ಲ, ಅಲ್ಲಿ ಮಾರೋ ಹಾಲಿಗೂ ವಿಟಮಿನ್ ಡಿ ಸೇರಿಸಿರ್ತಾರೆ.

ನನ್ನನ್ನ ಆ ಮಂಕಿಂದ ಎಬ್ಬಿಸಿದ್ದು ದಿ ಫೋರ್ಕ್ಸ್ ಅನ್ನೋ ಜಾಗ. ರೆಡ್ ನದಿ, ಅಸಿನಿಬೊಯಿನ್ ನದಿ ಕೂಡೋ ಸಂಗಮ ಅದು, ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆ ಕೂಡಿದಂಗೆ. ನೀರು ಗಟ್ಟಿಯಾದ್ಮೇಲೆ ನದಿ ಮೇಲೇ ದಾರಿ ಮಾಡಿ ಬಿಡ್ತಾರೆ, ಮಕ್ಕಳು ಮುದುಕರು ಎಲ್ಲಾ ಸ್ಕೇಟಿಂಗ್ ಮಾಡ್ತಿರ್ತಾರೆ, ತಳ್ಳೋಗಾಡೀಲಿ ಕೂಸು ಮಲಗ್ಸಿಕೊಂಡು ನಡೀತಿರ್ತಾರೆ. ಸಂಗಮದ ನಡುವೆ ನಿಂತು ಕಾಲಡಿ ಹೊಳೆ ಹರೀತಾ ಇದೆ ಅಂತ ಯೋಚ್ನೆ ಮಾಡಿದಾಗ ಮೈ ಜುಂ ಅಂತು, ಅವತ್ತಿಂದ ಆ ಊರು ನಂದೂ ಅನ್ನಿಸ್ತು. ದಾರಿ ತೆರೆದಿದೆ ಅಂತ ಬೋರ್ಡ್ ಇದ್ದಾಗ ಮಾತ್ರ ಇಳೀಬೇಕು, ಬೇರೆ ಕಡೆ ಹೊಳೆಗೆ ಇಳಿಯೋದು ಬೇಡವೇ ಬೇಡ.

ಕಟ್ಟಿ ಕಳಿಸೋದು ಅಂದ್ರೆ, ಎರಡು ಜೊತೆ ಥರ್ಮಲ್, ಒಂದೆರಡು ಉಣ್ಣೆ ಸ್ವೆಟರ್, ಕಷಾಯದ ಪುಡಿ, ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಎಣ್ಣೆ ಸೋರದಂಗೆ ಎರಡೆರಡು ಕವರಲ್ಲಿ ಸುತ್ತಿ. ತಿನ್ನೋ ಸಾಮಾನು ಎಂತ ಇದ್ರೂ ಕಸ್ಟಮ್ಸ್ ಫಾರ್ಮಲ್ಲಿ ಇದೆ ಅಂತ ಬರೀಲಿ, ಮುಚ್ಚಿಡೋದು ಬೇಡ. ರಗ್ಗು, ಅಕ್ಕಿ ಬೇಡ, ಅಲ್ಲೇ ಸಿಗುತ್ತೆ. ಫೋನ್ ಟೈಮ್ ಬೇಕಾದ್ರೆ ನಿಮ್ಮ ರಾತ್ರಿ ಎಂಟು ಗಂಟೆಗೆ ಅವ್ಳಿಗೆ ಬೆಳಗ್ಗೆ ಎಂಟೂವರೆ, ಆಗಷ್ಟೇ ಬೆಳಕು ಹರಿದಿರುತ್ತೆ. ಮಾರ್ಚಲ್ಲಿ ಅವ್ರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಆಗ ಒಂಬತ್ತೂವರೆ.

ಹೊರಡೋ ದಿನದ್ದು ಒಂದು ಮಾತು. ಸ್ವೆಟರ್, ಥರ್ಮಲ್, ಟೋಪಿ, ಗ್ಲೌಸು, ದಪ್ಪ ಸಾಕ್ಸು ಮತ್ತೆ ಮನೇಲಿರೋದ್ರಲ್ಲೇ ದಪ್ಪಗಿನ ಒಂದು ಜಾಕೆಟ್ ಹ್ಯಾಂಡ್ ಬ್ಯಾಗಲ್ಲೇ ಇರ್ಲಿ, ಚೆಕ್‌ಇನ್ ಪೆಟ್ಟಿಗೇಲಿ ಬೇಡ, ಪೆಟ್ಟಿಗೆ ಒಂದಿನ ತಡವಾಗಿ ಬಂದ್ರೆ ಮೈನಸ್ 25ಕ್ಕೆ ಬರೀ ಚೂಡಿದಾರದಲ್ಲಿ ನಿಲ್ಬೇಕಾಗುತ್ತೆ. ವಿಮಾನ ಇಳಿದು ಏರ್‌ಪೋರ್ಟ್ ಬಾತ್‌ರೂಮಲ್ಲೇ ಎಲ್ಲಾ ಹಾಕ್ಕಂಡು, ಕರ್ಕಂಡು ಹೋಗೋಕೆ ಬಂದವ್ರ ಗಾಡಿ ಬಾಗಿಲ ಹತ್ರ ಬಂತು ಅಂತ ಫೋನ್ ಬಂದ್ಮೇಲಷ್ಟೇ ಹೊರಗೆ ಕಾಲಿಡ್ಲಿ. ಬಂದವ್ರ ಹತ್ರ ಹೆಚ್ಚಿನ ಒಂದು ಜಾಕೆಟ್ ಇದ್ರೆ ತರೋಕೆ ಈಗ್ಲೇ ಕೇಳಿಡಿ, ಅಲ್ಲಿ ಎಲ್ರ ಮನೇಲೂ ಹಳೇದೊಂದು ಇದ್ದೇ ಇರುತ್ತೆ.