ಎಂಟ್ರೊಪಿಯಿಂದ ಗುರುತ್ವ: ನ್ಯೂಟ್ರಾನ್ ಎದುರು ವಾದ ತಡವರಿಸುವುದೇಕೆ?

ಗುರುತ್ವ ಮೂಲಬಲವೇ ಅಲ್ಲ ಎಂದು ಡಚ್ ವಿಜ್ಞಾನಿ ಎರಿಕ್ ವರ್ಲಿಂಡೆ 2010ರಲ್ಲಿ ವಾದ ಮುಂದಿಟ್ಟರು. ರಬ್ಬರ್ ಬ್ಯಾಂಡ್ ಹಿಗ್ಗಿಸಿದರೆ ಅದು ವಾಪಸ್ ಎಳೆಯುತ್ತದೆ ಅಲ್ವಾ? ಒಳಗಿನ ಉದ್ದನೆಯ ಅಣುಗಳು ನೆಟ್ಟಗೆ ನಿಲ್ಲುವುದಕ್ಕಿಂತ ಮುದುಡಿಕೊಂಡು ಇರಲು ದಾರಿಗಳು ಜಾಸ್ತಿ. ಹೀಗೆ ಇರಲು ಎಷ್ಟು ದಾರಿಗಳಿವೆ ಎಂಬುದರ ಅಳತೆಯೇ ಎಂಟ್ರೊಪಿ. ಅದು ಹೆಚ್ಚುವ ಕಡೆಗೇ ವಾಲುವುದರಿಂದ ಆ ಎಳೆತ ಬರುತ್ತದೆ. ಗುರುತ್ವವೂ ಇದೇ ಜಾತಿ ಅನ್ನುತ್ತಾರೆ ವರ್ಲಿಂಡೆ.

ಲೆಕ್ಕ ಚಿಕ್ಕದು. ಬಲವನ್ನು ಸರಿದ ದೂರದಿಂದ ಗುಣಿಸಿದರೆ ತಾಪಮಾನ ಮತ್ತು ಎಂಟ್ರೊಪಿ ಬದಲಾವಣೆಯ ಗುಣಲಬ್ಧ ಬರಬೇಕು. ತಾಪಮಾನಕ್ಕೆ ಉನ್ರೂ ಸೂತ್ರ ಹಾಕಿ; ವೇಗೋತ್ಕರ್ಷದಲ್ಲಿರುವವರಿಗೆ ಖಾಲಿ ಜಾಗವೂ ಎಷ್ಟು ಬಿಸಿಯಾಗಿ ಕಾಣುತ್ತದೆ ಎಂದು ಅದು ಹೇಳುತ್ತದೆ. ಅದರಲ್ಲಿ ಕ್ವಾಂಟಂ ಲೆಕ್ಕಗಳಲ್ಲಿ ಬರುವ ಪ್ಲಾಂಕ್ ಸ್ಥಿರಾಂಕ ಭಿನ್ನರಾಶಿಯ ಮೇಲಿದೆ. ಎಂಟ್ರೊಪಿ ಬದಲಾವಣೆಯಲ್ಲಿ ಅದು ಕೆಳಗಿದೆ. ಎರಡೂ ಕ್ಯಾನ್ಸಲ್ ಆಗಿ, ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂಬ ನ್ಯೂಟನ್ ನಿಯಮ ಉಳಿಯುತ್ತದೆ. ಸೊಗಸಾಗಿದೆ ನಿಜ. ಆದರೆ ಎಂಟ್ರೊಪಿಯ ಸೂತ್ರವನ್ನು ಈ ಉತ್ತರ ಬರುವ ಹಾಗೆಯೇ ಇಟ್ಟುಕೊಂಡಿದ್ದಾರೆ, ಅದನ್ನು ಮರೆಯಬೇಡಿ.

ಈಗ ಆ ಸ್ಥಿರಾಂಕ ಕ್ಯಾನ್ಸಲ್ ಆಗದ ಒಂದು ಜಾಗ ನೋಡೋಣ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ತುಂಬಾ ನಿಧಾನದ ನ್ಯೂಟ್ರಾನ್‌ಗಳನ್ನು ಕನ್ನಡಿಯಂಥ ನುಣುಪು ಹಲಗೆಯ ಮೇಲೆ ಹಾಯಿಸಿದರು. ಮೇಲೆ ನ್ಯೂಟ್ರಾನ್ ಹೀರುವ ಇನ್ನೊಂದು ಹಲಗೆ. ನಡುವಿನ ಸಂದು ಸುಮಾರು 15 ಮೈಕ್ರೋಮೀಟರ್‌ಗಿಂತ ಕಿರಿದಾದರೆ ಆಚೆ ಬದಿಗೆ ನ್ಯೂಟ್ರಾನ್ ಬರುವುದೇ ಇಲ್ಲ! ಅಂದರೆ ಭೂಮಿಯ ಗುರುತ್ವದಲ್ಲಿ ನ್ಯೂಟ್ರಾನ್‌ಗೆ ಮೆಟ್ಟಿಲು ಮೆಟ್ಟಿಲಾದ ಕ್ವಾಂಟಂ ಮಟ್ಟಗಳಿವೆ. ಮೊದಲ ಮಟ್ಟಕ್ಕೇ ಸುಮಾರು 14 ಮೈಕ್ರೋಮೀಟರ್ ಎತ್ತರ ಬೇಕು. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು.

ಭೌತವಿಜ್ಞಾನಿ ಆರ್ಚಿಲ್ ಕೊಬಾಖಿಡ್ಜೆ 2010ರಲ್ಲೇ ಇದನ್ನು ವರ್ಲಿಂಡೆ ವಾದದ ವಿರುದ್ಧ ಹಿಡಿದುಕೊಂಡರು. ವರ್ಲಿಂಡೆ ಹೇಳಿದಂತಾದರೆ ನ್ಯೂಟ್ರಾನ್ ಸ್ವಲ್ಪ ಸರಿದರೂ ಎಂಟ್ರೊಪಿ ಬದಲಾಗಬೇಕು, ಅಂದರೆ ಒಳಗಿನ ಸೂಕ್ಷ್ಮಸ್ಥಿತಿಗಳ (ಇರಲು ಇರುವ ದಾರಿಗಳ) ಎಣಿಕೆಯೂ ಬದಲಾಗಬೇಕು. ಆಗ ಬೇರೆ ಬೇರೆ ಎತ್ತರದಲ್ಲಿರುವ ನ್ಯೂಟ್ರಾನ್‌ನ ಕ್ವಾಂಟಂ ಅಲೆಯ ಭಾಗಗಳ ನಡುವಿನ ತಾಳ ಕೆಡುತ್ತದೆ. ಆ ಅಲೆಯ ನಡೆ ಹೇಳುವ ಶ್ರೋಡಿಂಗರ್ ಸಮೀಕರಣಕ್ಕೆ ಹೊಸ ಪದಗಳು ಸೇರಿ, ಮಟ್ಟಗಳು ಪ್ರಯೋಗದಲ್ಲಿ ಕಂಡದ್ದಕ್ಕಿಂತ ಬೇರೆಯಾಗುತ್ತವೆ. ನನಗೆ ಇದೇ ಅತ್ಯಂತ ಗಟ್ಟಿ ಆಕ್ಷೇಪ ಅನ್ನಿಸುತ್ತದೆ.

ಉತ್ತರಗಳು ಬಂದಿವೆ. ಎಂಟ್ರೊಪಿಯನ್ನು ನ್ಯೂಟ್ರಾನ್‌ಗೆ ಅಂಟಿಸಿದ ರೀತಿಯೇ ಸರಿಯಿಲ್ಲ ಎಂದು ಕೆಲವರು ಹೇಳಿದರು. ನ್ಯೂಟ್ರಾನ್‌ಗೆ ಸುತ್ತಲಿನ ವ್ಯವಸ್ಥೆಯೊಡನೆ ಜೋಡಣೆ ಸಾಕಷ್ಟು ಬಲವಾಗಿದ್ದರೆ ತಾಳ ಕೆಡದು ಎನ್ನುವ ಮಾದರಿಯೂ 2021ರಲ್ಲಿ ಬಂತು. ಆದರೆ ಜೋಡಣೆ ಅಷ್ಟು ಬಲವಾಗಿಯೇ ಇರಬೇಕು ಎನ್ನಲು ಸಿದ್ಧಾಂತದೊಳಗೆ ಕಾರಣ ಬೇಕಲ್ಲ?

ಗ್ಯಾಲಕ್ಸಿಗಳ ವಿಷಯ ಬೇರೆ. 2016ರಲ್ಲಿ ವರ್ಲಿಂಡೆ ಇದೇ ಜಾಡಿನಲ್ಲಿ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದೆ, ಗುರುತ್ವದಿಂದಷ್ಟೇ ಸುಳಿವು ಕೊಡುವ ದ್ರವ್ಯ) ಬೇಡವೆಂದರು. 33,613 ಗ್ಯಾಲಕ್ಸಿಗಳ ಸುತ್ತ ಬೆಳಕು ಬಾಗುವುದನ್ನು ಅಳೆದಾಗ ಅವರ ಲೆಕ್ಕ ಹೊಂದಿಕೊಂಡಿತು. ಆದರೆ ಆ ಸೂತ್ರ ಗುಂಡಗಿನ, ಒಂಟಿ ಗ್ಯಾಲಕ್ಸಿಗಳಿಗಷ್ಟೇ. ಬ್ರಹ್ಮಾಂಡದ ಆರಂಭಕಾಲದಿಂದ ಉಳಿದುಬಂದ ಹಿನ್ನೆಲೆ ಮೈಕ್ರೋವೇವ್ ವಿಕಿರಣದ ಏರಿಳಿತಗಳನ್ನು ಅದರಿಂದ ಲೆಕ್ಕ ಹಾಕಲು ಬರುವುದಿಲ್ಲ. ಡಾರ್ಕ್ ಮ್ಯಾಟರ್ ಇರುವ ಮಾದರಿ ಅದನ್ನು ಚೆನ್ನಾಗಿಯೇ ಮಾಡುತ್ತದೆ.